ಮಾವನವರ ಕೆಮ್ಮು, ನನ್ನ ಬಳೆ

ನನಗೊಂದು ಜಂಬವಿತ್ತು. "ಇತ್ತು" ಎಂದೆನಲ್ಲ, ಈಗಲೂ ಪೂರ್ತಿ ಹೋಗಿದೆ ಎಂದು ಎದೆ ತಟ್ಟಿ ಹೇಳಲಾರೆ. ಯಾರದೇ ಮುಖವಿರಲಿ, ಒಮ್ಮೆ ನೋಡಿದರೆ ಸಾಕು, ಅವರ ಹೊಟ್ಟೆಯಲ್ಲಿ ಏನಿದೆ ಎಂದು ಹೇಳಿಬಿಡುತ್ತೇನೆ ಎನ್ನುವ ಜಂಬ. ಪುಸ್ತಕ ಓದಲು ನನಗೆ ಹೊತ್ತು ಬೇಕು, ಒತ್ತಕ್ಷರ ಬಂದಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತೇನೆ. ಮುಖಕ್ಕೆ ಅದೆಲ್ಲ ಬೇಡ. ಹುಬ್ಬು ಏರಿತೋ, ತುಟಿ ಸೊಟ್ಟಗಾಯಿತೋ, ಕಾಲಿನ ಹೆಬ್ಬೆರಳು ನೆಲ ಕೆರೆಯಿತೋ, ಅಷ್ಟರಲ್ಲಿ ನನ್ನ ತೀರ್ಪು ಸಿದ್ಧ! ಯಾದಗಿರಿಯ ನಮ್ಮ ಓಣಿಯಲ್ಲಿ ಹುಡುಗಿಯಾಗಿದ್ದಾಗಲೇ ಈ ವಿದ್ಯೆಯಲ್ಲಿ ಹೆಸರು ಮಾಡಿದ್ದೆ. ನೀರಿಗೆ ಬಂದ ಹೆಂಗಸರು ಬಾವಿಕಟ್ಟೆಯ ಮೇಲೆ ಕೊಡ ಇಟ್ಟು, "ಸುಭದ್ರಾ, ಅಕಿ ಮಾರಿ ನೋಡವ್ವ, ಅತ್ತಿ ಕೂಡ ಜಗಳ ಆಗೇದೋ ಇಲ್ಲೋ ಹೇಳು" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ, ಅದು ನಿಜವೇ ಆಗುತ್ತಿತ್ತು. ಅತ್ತೆಯ ಜೊತೆ ಜಗಳವಾಗದ ಸೊಸೆ ಆ ಓಣಿಯಲ್ಲಿ ಒಬ್ಬಳೂ ಇರಲಿಲ್ಲ ಎನ್ನುವುದು ಆಗ ನನ್ನ ಬುದ್ಧಿಗೆ ಹೊಳೆದಿರಲಿಲ್ಲ.

ಇಂಥ ಪಂಡಿತೆಯನ್ನು ಸುರಪುರಕ್ಕೆ ಮದುವೆ ಮಾಡಿ ಕೊಟ್ಟರು. ನಿಜಾಮರ ಆಳ್ವಿಕೆಯ ಕೊನೆಗಾಲ. ನಮ್ಮಪ್ಪ ಯಾದಗಿರಿಯ ಕಚೇರಿಯಲ್ಲಿ ಮುನ್ಷಿ, ನಮ್ಮ ಮಾವನವರು ಸುರಪುರದ ಕಚೇರಿಯಲ್ಲಿ ಮುನ್ಷಿಯಾಗಿದ್ದು ಆಗತಾನೇ ನೌಕರಿ ಬಿಟ್ಟು ಮನೆಯಲ್ಲಿ ಕೂತವರು. ನಮ್ಮನೆಯವರು ಹೈದರಾಬಾದಿನ ಒಂದು ದಫ್ತರದಲ್ಲಿ ಗುಮಾಸ್ತ, ವರುಷಕ್ಕೆ ಎರಡು ಸಲ ಊರಿಗೆ ಬರುವವರು. ಅಲ್ಲಿಗೆ ಮನೆಯಲ್ಲಿ ಉಳಿದದ್ದು ಅತ್ತೆ, ಮಾವ, ನಾನು, ಹಿತ್ತಲಲ್ಲಿ ಒಂದು ಎಮ್ಮೆ ಮತ್ತು ಅಂಗಳದಲ್ಲಿ ಒಂದು ಜೋಡಿ ಗಾಡಿಯ ಎತ್ತು. ಆ ಕಾಲದ ಪದ್ಧತಿ ನಿಮಗೆ ಹೇಳಬೇಕು. ಸೊಸೆಯಾದವಳು ಮಾವನ ಮುಂದೆ ನಿಲ್ಲುವಂತಿಲ್ಲ, ಮಾವನ ಜೊತೆ ಬಾಯಿ ಬಿಡುವಂತಿಲ್ಲ. ಮಾವನೂ ಸೊಸೆಯ ಹೆಸರು ಹಿಡಿದು ಕರೆಯುವಂತಿಲ್ಲ. ಅವರು ಪಡಸಾಲೆಗೆ ಬರುವ ಮೊದಲು ಕೆಮ್ಮಬೇಕು, ನಾನು ಕದದ ಹಿಂದೆ ಸರಿಯಬೇಕು. ಏನಾದರೂ ತಿಳಿಸುವುದಿದ್ದರೆ ಕದದ ಹಿಂದಿನಿಂದಲೇ ಬಳೆ ಸಪ್ಪಳ ಮಾಡಬೇಕು. ಬಾಯಿಗೆ ಬೀಗ ಹಾಕಿದ ಮನೆಗೆ ಮುಖ ಓದುವವಳು ಬಂದು ಸೇರಿದಳಲ್ಲ! ನನಗೆ ಆದ ಉಮೇದು ಏನು ಕೇಳುತ್ತೀರಿ!

ಒಂದೇ ತಿಂಗಳಲ್ಲಿ ಮಾವನವರ ಕೆಮ್ಮನ್ನೆಲ್ಲ ಬಿಡಿಸಿ ಇಟ್ಟುಕೊಂಡೆ. ಒಂದು ಗಿಡ್ಡ ಕೆಮ್ಮು ಬಂದರೆ ಕೈಕಾಲು ತೊಳೆಯಲು ನೀರು. ಎರಡು ಬಂದರೆ ಹೊರಗೆ ಹೊರಟಿದ್ದಾರೆ, ರುಮಾಲು ಮತ್ತು ಕರಿ ಕೋಟು ಗೂಟಕ್ಕಿರಬೇಕು. ಒಂದರ ಹಿಂದೆ ಒಂದು ಮೂರು ಬಂದರೆ ಚಹಾ. ಗಂಟಲು ಎಳೆದು ಎಳೆದು ಕೆಮ್ಮಿದರೆ ಜೊತೆಗೆ ಯಾರೋ ಬಂದಿದ್ದಾರೆ, ಎರಡು ಕಪ್ಪು ಚಹಾ. ನನ್ನ ಕಡೆಯಿಂದಲೂ ಒಂದು ಭಾಷೆ ಸಿದ್ಧವಾಯಿತು. ಬಳೆ ಒಮ್ಮೆ ಕುಲುಕಿದರೆ "ಹೂಂ", ಎರಡು ಸಲ ಕುಲುಕಿದರೆ "ಊಟಕ್ಕೆ ಬನ್ನಿ". ಎರಡು ಸಲ ಕುಲುಕಿದ ಕೂಡಲೇ ಮಾವನವರು ಏಳುತ್ತಿದ್ದರು, ಮೂಲೆಯಲ್ಲಿದ್ದ ಬಡಿಗೆ ಹಿಡಿದು ಹಿತ್ತಲನ್ನು ಒಂದು ಸುತ್ತು ಹಾಕುತ್ತಿದ್ದರು, ಆಮೇಲೆ ಬಂದು ಮಣೆಯ ಮೇಲೆ ಕೂಡುತ್ತಿದ್ದರು. ಉಣ್ಣುವ ಮೊದಲು ಹಸಿವು ಕೆದರಲಿ ಎಂದು ತಿರುಗಾಡುತ್ತಾರೆ, ಎಷ್ಟು ಶಿಸ್ತಿನ ಮನುಷ್ಯ ಎಂದು ನಾನು ಮನಸ್ಸಿನಲ್ಲೇ ಭೇಷ್ ಅಂದುಕೊಳ್ಳುತ್ತಿದ್ದೆ. ಅತ್ತೆಯಂತೂ ನೆರೆಮನೆಯವರ ಮುಂದೆ, "ನಮ್ಮ ಸೊಸಿಗೆ ಬಾಯಿಲೆ ಹೇಳೂದೇ ಬ್ಯಾಡ ನೋಡ್ರಿ, ಕೆಮ್ಮಿದ್ರ ತಿಳೀತದ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಎರಡು ವರುಷ ಹೀಗೇ ನಡೆಯಿತು. ಒಂದು ಬೇಸಿಗೆಯಲ್ಲಿ ನಾದಿನಿಯ ಹೆರಿಗೆಗೆಂದು ಅತ್ತೆ ಹುಣಸಗಿಗೆ ಹೊರಟರು. ಹೋಗುವಾಗ ನನ್ನನ್ನು ಅಡಿಗೆಮನೆಗೆ ಕರೆದು ಗಲ್ಲ ಹಿಡಿದು ಹೇಳಿದರು. "ನೋಡವ್ವ, ಮಾವಗ ಹೊತ್ತಿಗೆ ಸರಿಯಾಗಿ ಊಟಕ್ಕ ಹಾಕು. ಬಾಯಿ ಬಿಚ್ಚಬ್ಯಾಡ. ಮಂದಿ ಕೈಲೆ ಮಾತು ಕಳಸಬ್ಯಾಡ, ಮನಿ ಮಾತು ಓಣಿ ತುಂಬ ಆಗ್ತದ. ನಿನಗೇನು, ಎಲ್ಲಾ ತಿಳೀತದ." ಎಲ್ಲಾ ತಿಳೀತದ! ಆ ಮಾತು ಕೇಳಿ ನಾನು ಉಬ್ಬಿಹೋದೆ. ಇಡೀ ಮನೆಯ ಕಾರಭಾರವನ್ನು ಕೆಮ್ಮಿನ ಮೇಲೆ ಮತ್ತು ಬಳೆಯ ಮೇಲೆ ನಡೆಸಿ ತೋರಿಸುತ್ತೇನೆ ಎಂದು ಅತ್ತೆಯ ಗಾಡಿ ಮರೆಯಾಗುವ ತನಕ ಕಿಟಕಿಯಲ್ಲಿ ನಿಂತು ಶಪಥ ಮಾಡಿದೆ.

ಇನ್ನು ನನ್ನ ತಂಗಿಯ ಮಾತು ಹೇಳುತ್ತೇನೆ. ಅವಳ ಹೆಸರು ಕಾಶಿ. ಅವ್ವ ತೀರಿಹೋದಾಗ ಅವಳಿಗೆ ಇನ್ನೂ ಮಾತು ಸರಿಯಾಗಿ ಬರುತ್ತಿರಲಿಲ್ಲ. ಎತ್ತಿ ಆಡಿಸಿದವಳು ನಾನು, ಜಡೆ ಹಾಕಿದವಳು ನಾನು, ಬಳಪ ಕೊಟ್ಟು ಕನ್ನಡ ಅಕ್ಷರ ತಿದ್ದಿಸಿದವಳು ನಾನು. ನಾನು ಗಂಡನ ಮನೆಗೆ ಹೊರಟ ದಿನ ಅವಳು ಗಾಡಿಯ ಗಾಲಿ ಹಿಡಿದು ನಿಂತುಬಿಟ್ಟಿದ್ದಳು. "ಅಕ್ಕಾ, ನನ್ನ ಮದಿವ್ಯಾಗ ನೀ ಬರಲಿಲ್ಲಂದ್ರ ನಾ ಹಸಿ ಮ್ಯಾಲ ಕೂಡೂದಿಲ್ಲ ನೋಡು" ಎಂದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದೆ. ಆ ಕಾಶಿಗೆ ಯಾದಗಿರಿಯಲ್ಲೇ ಗಂಡು ಗೊತ್ತಾಗಿತ್ತು. ಮದುವೆ ಯಾವಾಗ ಎನ್ನುವುದೊಂದೇ ನನಗೆ ತಿಳಿಯಬೇಕಿತ್ತು. ಎದ್ದರೆ ಅದೇ ಧ್ಯಾನ, ಕೂತರೆ ಅದೇ ಧ್ಯಾನ. ಯಾವ ಸೀರೆ ಉಡಬೇಕು, ಕಾಶಿಯ ತಲೆಗೆ ಯಾವ ಹೂ ಮುಡಿಸಬೇಕು ಎನ್ನುವುದೂ ಮನಸ್ಸಿನಲ್ಲಿ ಮುಗಿದುಹೋಗಿತ್ತು!

ಅತ್ತೆ ಹೋದ ಎಂಟು ದಿನಕ್ಕೆ, ಒಂದು ಸೋಮವಾರ, ಟಪಾಲು ಬಂತು. ಲಕೋಟೆಯ ಮೇಲಿನ ಕೈಬರಹ ಅಪ್ಪನದೇ! ಕದದ ಸಂದಿಯಿಂದ ನೋಡಿಯೇ ಗುರುತು ಹಿಡಿದೆ. ಆದರೆ ನನ್ನ ಕರ್ಮ ನೋಡಿ. ಅಪ್ಪ ಜೀವಮಾನವೆಲ್ಲ ಕಚೇರಿಯಲ್ಲಿ ಉರ್ದು ಬರೆದವರು, ಮಾವನವರೂ ಅಷ್ಟೇ. ಮನೆಯಲ್ಲಿ ಅಚ್ಚ ಕನ್ನಡ ಮಾತಾಡುವ ಈ ಇಬ್ಬರು ಬೀಗರು ಒಬ್ಬರಿಗೊಬ್ಬರು ಕಾಗದ ಬರೆಯುವಾಗ ಮಾತ್ರ ಉರ್ದು. ಕನ್ನಡದಲ್ಲಿ ಬರೆದರೆ ಬೀಗರಿಗೆ ಮರ್ಯಾದೆ ಕಡಿಮೆಯಾಯಿತು ಎಂದು ಇಬ್ಬರಿಗೂ ಅನ್ನಿಸುತ್ತಿತ್ತು. ನನಗೆ ಉರ್ದುವಿನ ಒಂದು ಚುಕ್ಕೆಯೂ ಬಾರದು. ಕಾಗದ ನನ್ನ ಕೈಗೆ ಸಿಕ್ಕರೂ ಅಷ್ಟೇ, ಸಿಗದಿದ್ದರೂ ಅಷ್ಟೇ. ಹೋಗಲಿ ಬಿಡು, ಕಾಗದ ಓದುವ ಮುಖ ಇದೆಯಲ್ಲ, ಅದನ್ನು ಓದಿದರಾಯಿತು ಎಂದು ಕಣ್ಣನ್ನು ಸಂದಿಗೆ ಒತ್ತಿ ನಿಂತೆ.

ಮಾವನವರು ಕಾಗದ ಬಿಡಿಸಿದರು. ಹುಬ್ಬು ಗಂಟಾಯಿತು. ಕಾಗದವನ್ನು ದೂರ ಹಿಡಿದರು, ಹತ್ತಿರ ಹಿಡಿದರು. ತುಟಿ ಕೆಳಗಿಳಿಯಿತು. ಹಣೆ ಉಜ್ಜಿಕೊಂಡರು. ಗೋಡೆಯ ಮೇಲಿನ ಪಂಚಾಂಗ ನೋಡಿ "ತ್ಚ" ಎಂದು ನಾಲಿಗೆ ಲೊಚಗುಟ್ಟಿದರು. ಆಮೇಲೆ ಕಾಗದ ಮಡಿಚಿ ಕೋಟಿನ ಒಳಜೇಬಿಗೆ ಇಟ್ಟು, ಕದದ ಕಡೆ ತಿರುಗಿ, ನಾನು ಎರಡು ವರುಷದಲ್ಲಿ ಕೇಳದಿದ್ದ ಒಂದು ಉದ್ದನೆಯ ಕೆಮ್ಮು ಕೆಮ್ಮಿದರು. ಮುಗಿಯಿತು! ಗಂಟು ಹುಬ್ಬು, ಇಳಿದ ತುಟಿ, ಲೊಚಗುಟ್ಟಿದ ನಾಲಿಗೆ. ಮದುವೆ ಗೊತ್ತಾಗಿದೆ, ನನ್ನನ್ನು ಕಳಿಸು ಎಂದು ಅಪ್ಪ ಬರೆದಿದ್ದಾರೆ, ಮಾವನವರಿಗೆ ಮನಸ್ಸಿಲ್ಲ, "ಅತ್ತೆ ಇಲ್ಲದ ಹೊತ್ತಲ್ಲಿ ಸೊಸೆಯನ್ನು ಕಳಿಸುವುದು ಹೇಗೆ, ಆಗುವುದಿಲ್ಲ" ಎಂದು ಆ ಉದ್ದನೆಯ ಕೆಮ್ಮಿನಲ್ಲಿ ಹೇಳಿಬಿಟ್ಟರು. ಹಾಳೆಯ ಮೇಲೆ ಅಚ್ಚು ಹಾಕಿದ ಹಾಗೆ ನನಗೆ ಎಲ್ಲ ಕಂಡಿತು. ನನಗೆ ಬಂದ ಸಿಟ್ಟನ್ನು ಎಲ್ಲಿ ಇಡಲಿ? ಒಮ್ಮೆ ಕುಲುಕಬೇಕಾದ ಬಳೆಯನ್ನು ಕುಲುಕಲಿಲ್ಲ. ಅಡಿಗೆಮನೆಗೆ ಹೋಗಿ ಕಂಚಿನ ತಟ್ಟೆಯನ್ನು ನೆಲಕ್ಕೆ ಕುಕ್ಕಿದೆ. ಅದು ಉರುಳುತ್ತಾ ಉರುಳುತ್ತಾ ಪಡಸಾಲೆಗೇ ಹೋಗಿ ಮಾವನವರ ಕಾಲ ಹತ್ತಿರ ಮಲಗಿತು. ಅವರು ಅದನ್ನು ಎತ್ತಿ ಹೊಸ್ತಿಲ ಮೇಲೆ ಇಟ್ಟು ಹೊರಗೆ ಹೋದರು.

ಮರುದಿನದಿಂದ ನಾನು ಅವರ ಪ್ರತಿ ಚಲನವಲನಕ್ಕೂ ಅರ್ಥ ಹಚ್ಚುತ್ತಾ ಕೂತೆ. ಮಂಗಳವಾರ ಎತ್ತುಗಳಿಗೆ ಲಾಳ ಹೊಡೆಸಿದರು. ಎಲ್ಲಿಗೋ ತಮ್ಮ ಕೆಲಸಕ್ಕೆ ಹೊರಟಿದ್ದಾರೆ, ನನಗೆ ಮಾತ್ರ ಮನೆಯೇ ಗತಿ. ಬುಧವಾರ ಗಾಡಿಯ ಮೇಲೆ ಹೊಸ ಚಾಪೆಯ ಕಮಾನು ಕಟ್ಟಿಸಿದರು. ನೋಡು, ಬಿಸಿಲು ಬೀಳದ ಹಾಗೆ ಎಷ್ಟು ಸುಖದ ಪ್ರಯಾಣ! ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸುತ್ತಿದ್ದೆ. ಲಟ್ಟಣಿಗೆ ಎತ್ತಿಟ್ಟರೂ ಸಪ್ಪಳ, ಚರಿಗೆ ಇಳಿಸಿದರೂ ಸಪ್ಪಳ. ಪ್ರತಿ ಸಪ್ಪಳಕ್ಕೂ ಹೊರಗಿನಿಂದ ಮಾವನವರು ತಲೆ ಎತ್ತಿ ನೋಡುವರು, ಹುಬ್ಬು ಇನ್ನಷ್ಟು ಗಂಟಾಗುವುದು. ನಾನೂ ಬಿಡಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಕೇಳಿ ನೆರೆಮನೆಯ ಅಜ್ಜಿ, "ಮನ್ಯಾಗ ಬೀಗರು ಬಂದಾರೇನವ್ವ, ಇಷ್ಟು ರೊಟ್ಟಿ ಬಡ್ಯಾಕತ್ತಿ?" ಎಂದು ಕೂಗಿ ಕೇಳಿದಳು. ಬಡಿಯುತ್ತಿದ್ದದ್ದು ಎರಡೇ ರೊಟ್ಟಿ.

ಗುರುವಾರ ಬಳೆಗಾರ ಇಮಾಮ್‌ಸಾಬ ಬಂದ. ಕರೆಯದೆ ಬರುವವನಲ್ಲ. ಬಳೆಯ ಮಲಾರ ಇಳಿಸಿ ಕಟ್ಟೆಯ ಮೇಲೆ ಕೂತು, "ಬಾ ತಾಯಿ, ಕೈ ಕೊಡು. ನಿಮ್ಮ ಮಾವನವ್ರು ಹೇಳಿ ಕಳಿಸ್ಯಾರ, ಎರಡೂ ಕೈ ತುಂಬ ಹಸರು ಬಳಿ ಇಡು ಅಂದಾರ" ಎಂದ. ನನಗೆ ನಖಶಿಖಾಂತ ಉರಿಯಿತು! ಯಾಕೆ ಎಂದರೆ, ನಮ್ಮ ಯಾದಗಿರಿ ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿಗೆಲ್ಲ ಮದುವೆಮನೆಯಲ್ಲೇ ಬಳೆ ಇಡಿಸುವುದು. ಬರಿಗೈಯಲ್ಲಿ ಎಂಬಂತೆ ಎರಡೋ ನಾಲ್ಕೋ ಬಳೆ ಇಟ್ಟುಕೊಂಡು ಹೋಗಿ, ತವರಿನ ಅಂಗಳದಲ್ಲಿ ಸಾಲಾಗಿ ಕೂತು, ಕೈ ತುಂಬಿಸಿಕೊಂಡು ಏಳಬೇಕು. ಇಲ್ಲೇ ಕೈ ತುಂಬಿಸಿಬಿಟ್ಟರೆ ಅಲ್ಲಿ ಇಡುವುದು ಎಲ್ಲಿಗೆ? ಅಂದರೆ ಇದು ಸಮಾಧಾನದ ಬಳೆ. ಮದುವೆಗಂತೂ ಕಳಿಸುವುದಿಲ್ಲ, ಬಳೆ ಇಟ್ಟುಕೊಂಡು ಸುಮ್ಮನಿರು ಎನ್ನುವ ಬಳೆ. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಕಟ್ಟಿಕೊಂಡೆ. "ನನಗ ಬ್ಯಾಡ ಚಾಚಾ" ಎಂದೆ. ಅವನು ಗಾಬರಿಯಾದ. "ಹಂಗ ಅನಬಾರದು ತಾಯಿ. ಮಾಲಕರಿಗೆ ಏನಂತ ಹೇಳ್ಲಿ?" "ಬ್ಯಾಡ ಅಂದಾಳ ಅಂತ ಹೇಳು. ಇಷ್ಟೇ ಹೇಳು." ಅವನು ಮಲಾರ ಹೊತ್ತುಕೊಂಡು, ತಿರುತಿರುಗಿ ನೋಡುತ್ತಾ ಹೋದ. ಆ ಸಂಜೆ ಮಾವನವರು ಅರ್ಧ ರೊಟ್ಟಿ ಬಿಟ್ಟು ಎದ್ದರು.

ಶನಿವಾರ ಬೆಳಗಾಗುತ್ತಿದ್ದಂತೆ ಎತ್ತಿನ ಕೊರಳ ಗಂಟೆ ಕೇಳಿಸಿತು. ಸಂದಿಯಿಂದ ನೋಡಿದೆ. ಗಾಡಿ ಹೂಡಿ ಆಗಿದೆ! ಮಾವನವರು ರುಮಾಲು ಸುತ್ತಿ, ಕೋಟು ತೊಟ್ಟು, ನೊಗದ ಹತ್ತಿರ ನಿಂತಿದ್ದಾರೆ. ಕದದ ಕಡೆ ನೋಡಿ ಎರಡು ಸಲ ಕೆಮ್ಮಿದರು. ನನ್ನ ನಿಘಂಟಿನ ಪ್ರಕಾರ, ಹೊರಗೆ ಹೊರಟಿದ್ದೇನೆ, ಕದ ಹಾಕಿಕೋ. ಹಾಕಿಕೊಂಡೆ. ಸುಮ್ಮನೆ ಹಾಕಿಕೊಳ್ಳಲಿಲ್ಲ, ಅಗಳಿ ಜಡಿದು, ಚಿಲಕ ಹಾಕಿ, ಅದರ ಮೇಲೆ ಒಮ್ಮೆ ಕೈಯಿಂದ ಗುದ್ದಿದೆ. ಆಮೇಲೆ ಒಲೆಯ ಮುಂದೆ ಕೂತು ಮನಸಾರೆ ಅತ್ತೆ. ಅಳು ಮುಗಿದ ಮೇಲೆ ಹಸಿವಾಯಿತು. ನಿನ್ನೆಯ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆ. ತಿನ್ನುತ್ತಾ ಮತ್ತೆ ಅತ್ತೆ. ಕಾಶಿ ಹಸೆಯ ಮೇಲೆ ಕೂಡದೆ ಬಾಗಿಲ ಕಡೆ ನೋಡುತ್ತಾ ನಿಂತಂತೆ, ಅಪ್ಪ ಅವಳ ಕೈ ಹಿಡಿದು ಎಳೆದಂತೆ ಕಣ್ಣ ಮುಂದೆ ಕಂಡು ಹಿಂಡಿಯ ಖಾರ ನೆತ್ತಿಗೇರಿತು.

ಹೊತ್ತು ಮೇಲೇರಿ ಬಿಸಿಲು ಚುರುಗುಟ್ಟತೊಡಗಿತು. ಅಷ್ಟರಲ್ಲಿ ಹಿತ್ತಲಿನಿಂದ ಮಾತು ಕೇಳಿಸಿತು. ಅಡಿಗೆಮನೆಯ ಹಿಂಬಾಗಿಲ ಆಚೆ ಎಮ್ಮೆ ಕಟ್ಟಿರುತ್ತಿತ್ತು. ಸಂದಿಗೆ ಕಣ್ಣಿಟ್ಟೆ. ಮಾವನವರು! ಊರಿಗೆ ಹೋಗಿಯೇ ಇಲ್ಲ! ಬೆವರಿನಿಂದ ಕೋಟು ಬೆನ್ನಿಗಂಟಿದೆ, ರುಮಾಲು ಸಡಿಲಾಗಿದೆ, ಎಮ್ಮೆಯ ಮುಂದೆ ಕೈಕಟ್ಟಿ ನಿಂತು ಅದರ ಸಂಗಡ ಮಾತಾಡುತ್ತಿದ್ದಾರೆ.

"ಎಮ್ಮಿ, ನೀನಾರ ಕೇಳು ಅಕಿನ್ನ" ಎಂದರು ಮಾವನವರು, ಕದಕ್ಕೆ ಕೇಳಲೆಂದೇ ದನಿ ಎತ್ತರಿಸಿ. "ಮುಂಜಾನಿಂದ ಗಾಡ್ಯಾಗ ಕುಂತೀನಿ. ಹೆಣ್ಣುಮಕ್ಕಳು, ಸೀರಿ ಉಡೂದು ತಡ ಆಗ್ತದ ಅಂತ ಕುಂತೆ. ಕದಾ ಹಾಕ್ಕೊಂಡಾಳ. ಸೋಮವಾರ ತಂಗೀ ಮದಿವಿ, ನಾ ಕರಕೊಂಡು ಬರ್ತೀನಂತ ಬೀಗರಿಗೆ ಬರದು ಕೊಟ್ಟೀನಿ. ಬಳಿ ಬ್ಯಾಡ ಅಂದ್ಳು. ತಾಟು ಒಗದ್ಳು. ತವರಿನ ಮ್ಯಾಲ ಇಷ್ಟ್ಯಾಕ ಸಿಟ್ಟು ಅಂತ ಕೇಳು. ಬರಂಗಿಲ್ಲಂದ್ರ ನಾ ಏನ್ ಮಾರಿ ತಗೊಂಡು ಹೋಗ್ಲಿ ಅಲ್ಲಿಗೆ?"

ಎಮ್ಮೆ ಮೆಲುಕು ಹಾಕುತ್ತಿತ್ತು. ಪದ್ಧತಿಯ ಪ್ರಕಾರ ನಾನೂ ಒಳಗಿನಿಂದ ಬೀಸುಕಲ್ಲಿಗೋ ಕಂಬಕ್ಕೋ ಹೇಳಿ ಉತ್ತರ ಕೊಡಬಹುದಿತ್ತು. ಹಾಗೆ ಮಾಡುತ್ತಿದ್ದವರೂ ಇದ್ದರು. ಆದರೆ ಬೀಸುಕಲ್ಲನ್ನು ಹುಡುಕುವಷ್ಟು ತಾಳ್ಮೆ ಯಾರಿಗಿತ್ತು? ಹಿಂಬಾಗಿಲನ್ನು ದಢಾರನೆ ತೆಗೆದೆ. "ಮಾವ, ನಾ ಬರ್ತೀನಿ! ನನಗ ಯಾರೂ ಹೇಳೇ ಇಲ್ಲ! ನೀವು ಕಳಸೂದಿಲ್ಲಂತ ತಿಳಕೊಂಡು ನಾ ಐದು ದಿನದಿಂದ ಅಳಾಕತ್ತೀನಿ!" ಎಂದು ಕೂಗಿಯೇಬಿಟ್ಟೆ. ಮಾವನವರು ಎರಡು ಹೆಜ್ಜೆ ಹಿಂದೆ ಸರಿದು ಎಮ್ಮೆಯ ಕೊಂಬು ಹಿಡಿದುಕೊಂಡರು. ನನ್ನ ಬಾಯಿಂದ ಅವರು ಕೇಳಿದ ಮೊದಲ ಮಾತು ಅದು. ಅವರ ಮುಖದಲ್ಲಿ ಆಗ ಏನಿತ್ತು ಎಂದು ಕೇಳಬೇಡಿ, ನಾನು ನೋಡಲಿಲ್ಲ, ಸೀರೆ ಬದಲಿಸಲು ಒಳಗೆ ಓಡಿದ್ದೆ. ಎಮ್ಮೆಯನ್ನು ನೆರೆಮನೆಯ ಅಜ್ಜಿಗೆ ಒಪ್ಪಿಸಿ, ಐದೇ ನಿಮಿಷದಲ್ಲಿ ಟ್ರಂಕು ಸಮೇತ ಗಾಡಿಯಲ್ಲಿದ್ದೆ!

ಗಾಡಿ ಹೊಡೆದವರು ಮಾವನವರೇ. ಅವರ ಮುಖ ಎತ್ತುಗಳ ಕಡೆ, ನಾನು ಕಮಾನಿನ ಒಳಗೆ ಅವರ ಬೆನ್ನಿಗೆ ಬೆನ್ನು ಹಾಕಿ ಕೂತವಳು. ಒಬ್ಬರ ಮುಖ ಒಬ್ಬರಿಗೆ ಕಾಣುವಂತಿರಲಿಲ್ಲ. ಅದೇ ಅನುಕೂಲವಾಯಿತು ನೋಡಿ. ಮೊದಲು ಅವರು ಎತ್ತುಗಳಿಗೆ ಹೇಳುವರು, ನಾನು ಟ್ರಂಕಿಗೆ ಹೇಳುವೆ. ಎರಡು ಹರಿದಾರಿ ದಾಟುವುದರೊಳಗೆ ಎತ್ತು, ಟ್ರಂಕು ಎರಡೂ ಬಿಟ್ಟುಹೋಗಿ ನೇರ ಮಾತೇ ಶುರುವಾಯಿತು. ಕಾಗದ ಓದುವಾಗ ಹುಬ್ಬು ಯಾಕೆ ಗಂಟಾಯಿತು ಎಂದು ಕೇಳಿದೆ. "ಕಣ್ಣಿನ ಚಾಳೀಸು ಒಡದು ತಿಂಗಳಾತು. ಅಕ್ಷರ ಕಾಣ್ತಿದ್ದಿಲ್ಲ" ಎಂದರು. ಪಂಚಾಂಗ ನೋಡಿ ಲೊಚಗುಟ್ಟಿದ್ದು? "ಒಂದೇ ವಾರ ಉಳದದ, ಎತ್ತಿಗೆ ಲಾಳಿಲ್ಲ ಅಂತ." ಆ ಉದ್ದನೆಯ ಕೆಮ್ಮು? "ತಂಗೀ ಮದಿವಿ ಗೊತ್ತಾತವ್ವ ಅಂತ ಹೇಳಿದ್ದು" ಎಂದರು. ಮತ್ತು ಬಳೆ? ಸುರಪುರದ ಅವರ ಮನೆಯಲ್ಲಿ ಸೊಸೆಯನ್ನು ತವರಿನ ಮದುವೆಗೆ ಕಳಿಸುವಾಗ ಕೈ ತುಂಬ ಬಳೆ ಇಡಿಸಿಯೇ ಹೊಸ್ತಿಲು ದಾಟಿಸುವುದಂತೆ! ಬಳೆ ಬೇಡ ಎಂದರೆ ತವರೇ ಬೇಡ ಎಂದಂತೆ. ಎರಡು ವರುಷ ಆ ಮನೆಯಲ್ಲಿದ್ದೂ ನನಗೆ ಇದನ್ನು ಹೇಳಿದವರಿಲ್ಲ. ಎಲ್ಲ ತಿಳಿಯುವವಳಿಗೆ ಯಾರು ಹೇಳುತ್ತಾರೆ?

ಆಮೇಲೆ ಅವರ ಸರದಿ. "ಅಲ್ಲವ್ವ, ದಿನಾ ನಾಕ್ನಾಕು ಸಲ ಚಹಾ ಯಾಕ ತಂದಿಡ್ತಿದ್ದಿ? ನನಗ ಚಹಾ ಆಗಂಗಿಲ್ಲ, ಎದಿ ಉರೀತದ" ಎಂದರು. "ಮೂರು ಸಲ ಕೆಮ್ಮತಿದ್ರಲ್ಲ!" "ತಂಬಾಕದ ಕೆಮ್ಮವ್ವ ಅದು. ಮೂರೂ ಬರ್ತಾವ, ಐದೂ ಬರ್ತಾವ." "ಮತ್ಯಾಕ ಕುಡದ್ರಿ?" "ತಂದಿಟ್ಟದ್ದು ಬಿಟ್ರ ನಿನ್ನ ಮನಸಿಗೆ ಹತ್ತೀತು ಅಂತ." ಎರಡು ವರುಷ! ಸ್ವಲ್ಪ ಧೈರ್ಯ ತಂದುಕೊಂಡು, ಊಟಕ್ಕೆ ಕರೆದಾಗ ಬಡಿಗೆ ಹಿಡಿದು ಹಿತ್ತಲು ಸುತ್ತುವುದು ಹಸಿವೆಗೋ ಎಂದು ಕೇಳಿದೆ. ಅವರು ಎತ್ತುಗಳನ್ನೇ ನಿಲ್ಲಿಸಿಬಿಟ್ಟರು. "ಅದು ಊಟಕ್ಕ ಕರೀತಿದ್ದದ್ದೇನು? ಎರಡು ಸಲ ಬಳಿ ಸಪ್ಪಳ ಆತಂದ್ರ ಹಿತ್ತಲದಾಗ ಹಾವು ಕಂಡು ಅಂಜ್ಯಾಳ ಅಂತ ತಿಳಕೊಂಡಿದ್ದೆ. ಒಂದಿನಾನೂ ಹಾವು ಸಿಗಲಿಲ್ಲ!" ಇಬ್ಬರೂ ನಕ್ಕೆವು. ಬೆನ್ನಿಗೆ ಬೆನ್ನು ಹಾಕಿ ನಕ್ಕ ನಗೆಗೆ ಗಾಡಿ ಅಲುಗಾಡಿತು. ನಗು ನಿಂತ ಮೇಲೆ ಅವರು ಮೆಲ್ಲಗೆ, "ಕಚೇರ್ಯಾಗ ನೂರು ಮಂದಿ ಕೂಡ ಮಾತಾಡ್ತಿದ್ದೆ. ಮನಿಗೆ ಬಂದು ಕುಂತೆ, ನನ್ನ ಕೂಡ ಮಾತಾಡೋರೇ ಇಲ್ಲದಂಗಾತು. ಕೆಮ್ಮೂದಾದ್ರೂ ಕೇಳಿ ಯಾರೋ ಒಳಗ ಓಡಾಡ್ತಾರಲ್ಲ ಅಂತ ಸಮಾಧಾನ ಇತ್ತು" ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಇಂಥ ಮನುಷ್ಯನ ಮೇಲೆ ತಟ್ಟೆ ಕುಕ್ಕಿದೆನಲ್ಲ ಎಂದು ನಾಚಿಕೆಯಾಯಿತು.

ದಾರಿಯಲ್ಲಿ ಶನಿವಾರ, ರವಿವಾರ ಎರಡೂ ಮಧ್ಯಾಹ್ನ ಬಿಸಿಲಿಗೆ ಎತ್ತು ಬಿಚ್ಚಬೇಕಾಯಿತು. ಶಹಾಪುರ ಸೇರಿದಾಗಲೇ ರವಿವಾರದ ಮಧ್ಯಾಹ್ನ. ಅಲ್ಲಿ ಮಲಗಿದ ಮನುಷ್ಯನ ಹಾಗೆ ಕಾಣುವ ಗುಡ್ಡವಿದೆಯಲ್ಲ, ಅದರ ಮುಖ ಓದುವ ಆಸೆ ಬಾಯಿ ತನಕ ಬಂದಿತ್ತು, ನುಂಗಿಕೊಂಡೆ. ಸೋಮವಾರ ಬೆಳಗಿನ ತಂಪಿನಲ್ಲಿ ಬತ್ತಿದ ಭೀಮಾನದಿಯ ಮರಳು ದಾಟಿ, ಯಾದಗಿರಿಯ ಕೋಟೆ ಗುಡ್ಡ ಕಣ್ಣಿಗೆ ಬಿದ್ದಾಗ ಗಾಡಿಯಿಂದ ಇಳಿದು ಓಡಿಬಿಡೋಣ ಅನ್ನಿಸಿತು. ನಮ್ಮ ಓಣಿಯ ತುದಿಗೇ ಸನಾದಿಯ ಸ್ವರ! ಹಂದರದ ತುಂಬ ಜನ! ಕಾಶಿಯನ್ನು ಅಪ್ಪಿಕೊಂಡೆ, ಇಬ್ಬರೂ ಅತ್ತೆವು. "ಅಕ್ಕಾ, ಬಂದೆಲ್ಲ, ಬಂದೆಲ್ಲ" ಎನ್ನುತ್ತಾ ಅವಳು ನನ್ನ ಕೈ ಬಿಡಲೊಲ್ಲಳು. "ಅಕ್ಕಿಕಾಳಿನ ಹೊತ್ತಿಗೆ ನನ್ನ ಎದರಿಗೇ ನಿಂದ್ರು. ನಿನ್ನ ನೋಡ್ಕೋತ ಇರ್ತೀನಿ" ಎಂದಳು. ನಿಲ್ಲದೆ ಇರುತ್ತೇನೆಯೇ!

ಅಷ್ಟರಲ್ಲಿ ಅಪ್ಪ ಬೆವರು ಒರೆಸಿಕೊಳ್ಳುತ್ತಾ ಬಂದರು. "ಸುಭದ್ರಾ, ಬೀಗರ ಮಾರಿ ನೋಡು. ಏನೋ ಕಮ್ಮಿ ಆಗೇದ. ಸಿಟ್ಟಾಗ್ಯಾರ. ನೀ ಅಂತೂ ಮಾರಿ ಓದಾಕಿ, ಏನು ಬೇಕಂತ ನೋಡಿ ಹೇಳವ್ವ." ಗಾದಿಯ ಮೇಲೆ ಕೂತ ಮಾವನವರನ್ನು ನೋಡಿದೆ. ಹುಬ್ಬು ಗಂಟು, ತುಟಿ ಕೆಳಗೆ, ಕಾಲು ಅಲುಗಾಡುತ್ತಿದೆ. ಹೋಗಿ ಬಾಯಿಂದ ಕೇಳಬಹುದಿತ್ತು, ಎರಡು ದಿನ ಅದನ್ನೇ ಮಾಡಿದ್ದೆ. ಆದರೆ ಅಷ್ಟು ಜನರ ಮುಂದೆ ಮಾವನ ಸಂಗಡ ಮಾತೇ! ಅದಕ್ಕಿಂತ ಹೆಚ್ಚಾಗಿ, "ನೀ ಅಂತೂ ಮಾರಿ ಓದಾಕಿ" ಎಂದರಲ್ಲ ಅಪ್ಪ, ಆ ಒಂದು ಮಾತಿಗೆ ನನ್ನ ಹಳೆಯ ಜಂಬ ಮೈಕೊಡವಿ ಎದ್ದಿತು. "ಬಾಯಾರೇದ, ಪಾನಕ ಕಳಸ್ರಿ" ಎಂದೆ. ಹುಬ್ಬು ಸಡಿಲಾಗಲಿಲ್ಲ. "ಸೆಕಿ, ಬೀಸಣಿಗಿ ಕಳ್ಸ್ರಿ." ಇಲ್ಲ. "ಬೆನ್ನಿಗೆ ಲೋಡು." ಅದೂ ಅಲ್ಲ. ನಾನು ಅಡಿಗೆಯ ಹಂದರಕ್ಕೂ ಗಾದಿಗೂ ನಡುವೆ ಓಡಾಡತೊಡಗಿದೆ. ಮಾವನವರು ನನ್ನನ್ನೇ ನೋಡಿ ಕಣ್ಣು ಅಗಲಿಸಿದರು, ಗದ್ದದಿಂದ ಮಂಟಪದ ಕಡೆ ತೋರಿಸಿದರು. ಓಹೋ, ಗಾದಿಯನ್ನು ಮಂಟಪದ ಹತ್ತಿರ ಹಾಕಿಲ್ಲ ಎಂದು ಸಿಟ್ಟು! ಗಾದಿ ಎತ್ತಲು ಜನರನ್ನು ಕರೆಯಲು ಓಡಿದೆ. ಹಿಂದೆ ಮಂತ್ರ ಜೋರಾಗುತ್ತಿತ್ತು, ಸನಾದಿಯವನು ಏರುಸ್ವರ ಹಿಡಿದಿದ್ದ. ನನಗೆ ಅದರ ಖಬರೇ ಇರಲಿಲ್ಲ.

"ಸುಭದ್ರಾ!"

ಹಂದರ ಗಪ್ಪಾಯಿತು. ಸನಾದಿಯವನೂ ತಪ್ಪಿದ. ಮಾವ ಸೊಸೆಯ ಹೆಸರು ಹಿಡಿದು, ಅದೂ ತುಂಬಿದ ಮದುವೆಮನೆಯಲ್ಲಿ ಕೂಗಿದ್ದನ್ನು ಆ ಓಣಿ ಕಂಡಿರಲಿಲ್ಲ. ಮಾವನವರು ಗಾದಿಯ ಮೇಲೆ ಎದ್ದು ನಿಂತಿದ್ದರು. "ನನ್ನ ಮಾರಿ ನೋಡೂದು ಬಿಡು! ನನಗೇನೂ ಬ್ಯಾಡ. ತಂಗೀ ಮುಂದ ನಡಿ, ಅಕ್ಕಿಕಾಳು ಬೀಳಾಕತ್ತಾವ!"

ಓಡಿದೆ. ಸೀರೆಯ ನಿರಿಗೆ ಎಡವಿದೆ, ಯಾರದೋ ಕಾಲು ತುಳಿದೆ, ಯಾರೋ ಬೈದರು. ಅಂತರಪಟ ಇಳಿಯುವುದಕ್ಕೂ ನಾನು ಕಾಶಿಯ ಎದುರಿಗೆ ನಿಲ್ಲುವುದಕ್ಕೂ ಸರಿಹೋಯಿತು. ಮುಷ್ಟಿ ತುಂಬ ಅಕ್ಕಿಕಾಳು ಎರಚಿದೆ. ಕಾಶಿ ತಲೆ ಎತ್ತಿ ನನ್ನನ್ನು ನೋಡಿದಳು. ಅಯ್ಯೋ, ಆ ಕ್ಷಣದಲ್ಲಿ ನನಗಾದ ಸಂತೋಷ! ಎದೆ ಒಡೆದುಹೋಗುತ್ತದೆ ಎನ್ನಿಸಿತು. ನಾನು ಎತ್ತಿ ಆಡಿಸಿದ ಕೂಸು, ಬಾಸಿಂಗ ಕಟ್ಟಿಕೊಂಡು ನಿಂತಿದೆ, ನಾನು ಎದುರಿಗಿದ್ದೇನೆ. ಜೀವನದಲ್ಲಿ ಅಂಥ ಸಂತೋಷ ನನಗೆ ಮತ್ತೆ ಆಗಿಲ್ಲ.

ಸುರಪುರಕ್ಕೆ ಮರಳಿದ ಹದಿನೈದು ದಿನಕ್ಕೆ ಕಾಶಿಯ ಕಾಗದ ಬಂತು, ಕನ್ನಡದಲ್ಲಿ, ನನ್ನ ಹೆಸರಿಗೇ. "ಅಕ್ಕಾ, ಅಕ್ಕಿಕಾಳು ಬೀಳೂವಾಗ ನಿನ್ನ ಮಾರಿ ನೋಡಿ ನನಗ ಎದಿ ಧಸಕ್ಕಂತು. ಹಲ್ಲು ಕಚ್ಚಿಕೊಂಡು, ಹುಬ್ಬು ಗಂಟು ಹಾಕಿ, ಮೂಗು ಅರಳಿಸಿಕೋತ ನಿಂತಿದ್ದಿ. ಮಾರಿ ಓದೂದ್ರಾಗ ನಿನ್ನ ಬಿಟ್ರ ಇಲ್ಲ, ಅದಕ್ಕ ಕೇಳಾಕತ್ತೀನಿ. ನಮ್ಮನಿಯವರೊಳಗ ಏನು ಐಬು ಕಂಡಿ? ಅಂದಿನಿಂದ ಅವರು ನಕ್ಕರೂ ನನಗ ಅಂಜಿಕಿ. ಖರೇ ಬರಿ."

ಕಾಗದ ಹಿಡಿದು ಪಡಸಾಲೆಗೆ ಓಡಿದೆ. ಅತ್ತೆ ಇನ್ನೂ ಹುಣಸಗಿಯಲ್ಲೇ ಇದ್ದರು. ಹೊಸ ಚಾಳೀಸು ಹಾಕಿಕೊಂಡು ಕೂತಿದ್ದ ಮಾವನವರ ಮುಂದೆ ನಿಂತು, ಬಾಯಿಬಿಟ್ಟು, ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. "ನೋಡ್ರಿ ಮಾವ, ಈ ಹುಚ್ಚಿ ಹ್ಯಾಂಗ ಬರದಾಳ!" ಎಂದೆ. ಅವರು ನಗಲಿಲ್ಲ. ಚಾಳೀಸು ತೆಗೆದು, ದನಿ ತಗ್ಗಿಸಿ, "ನಾನೂ ಅದನ್ನೇ ಕೇಳಬೇಕಂತಿದ್ದೆ ಸುಭದ್ರಾ. ಹುಡುಗ ಬರೋಬ್ಬರಿ ಇಲ್ಲೇನು?" ಎಂದರು.

ಅಲ್ಲೇ ಕೂತು, ಅವರದೇ ಟಾಕು ಇಸಿದುಕೊಂಡು, ಕಾಶಿಗೆ ಉತ್ತರ ಬರೆದೆ: "ಅದು ನಾ ಸಂತೋಷ ಆದಾಗಿನ ಮಾರಿ, ಹುಚ್ಚಿ."